ತಮಟೆಯ ಮೇಲೆ ರಂಗೋಲಿ ಪುಡಿ ಉದುರಿಸಿ ನೋಡಿ

ಮುಳಬಾಗಿಲಿನ ಜಾತ್ರೆಯಿರಲಿ, ಶ್ರೀನಿವಾಸಪುರದ ಊರಹಬ್ಬವಿರಲಿ, ತಮಟೆಯವರು ಬಾರಿಸುವ ಮುನ್ನ ಬೆಂಕಿ ಹಾಕಿ ತಮಟೆ ಕಾಯಿಸುತ್ತಾರೆ. ಚರ್ಮದ ತೇವ ಆರುತ್ತದೆ, ಬಿಗಿ ಹೆಚ್ಚುತ್ತದೆ, ಶ್ರುತಿ ಏರುತ್ತದೆ. ಭೌತಶಾಸ್ತ್ರ ಇದಕ್ಕೆ ಲೆಕ್ಕ ಕೊಡುತ್ತದೆ: ಆವೃತ್ತಿ ಎರಡರಷ್ಟಾಗಬೇಕಾದರೆ ಬಿಗಿತ ನಾಲ್ಕರಷ್ಟಾಗಬೇಕು. ಕೋಲಾರ, ಮಾಲೂರಿನ ಹೈಸ್ಕೂಲುಗಳಲ್ಲಿ ಶಬ್ದದ ಪಾಠ ಶುರುವಾಗಬೇಕಾದದ್ದು ಶ್ರುತಿಕವೆಯಿಂದಲ್ಲ, ಈ ತಮಟೆಯಿಂದ.

ಜರ್ಮನಿಯ ಅರ್ನ್ಸ್ಟ್ ಕ್ಲಾಡ್ನಿ 1787ರಲ್ಲಿ ತಮ್ಮ ಪ್ರಯೋಗಗಳನ್ನು ಪ್ರಕಟಿಸಿದರು. ತಟ್ಟೆಯ ಮೇಲೆ ಮರಳು ಉದುರಿಸಿ ಅಂಚಿಗೆ ಪಿಟೀಲಿನ ಕಮಾನು ಎಳೆದರೆ, ಅದುರುವ ಜಾಗದಿಂದ ಮರಳು ಚಿಮ್ಮಿ, ಅದುರದ ಗೆರೆಗಳಲ್ಲಿ ಕೂಡಿಕೊಳ್ಳುತ್ತದೆ. ಶ್ರುತಿ ಏರಿದಷ್ಟೂ ಗೆರೆಗಳು ಹೆಚ್ಚಿ ಚಿತ್ತಾರ ಒತ್ತಾಗುತ್ತದೆ.

ನಮಗೆ ಇನ್ನೂ ಹತ್ತಿರದವರು ಸಿ.ವಿ. ರಾಮನ್. ಬೆಂಗಳೂರಿನಲ್ಲಿ 1934ರಲ್ಲಿ ತಾವು ಸ್ಥಾಪಿಸಿದ ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯ ಮೊದಲ ಸಂಪುಟದಲ್ಲೇ ಅವರು ಮೃದಂಗ, ತಬಲಾಗಳ ಬಗ್ಗೆ ಬರೆದರು. ಬರಿಯ ಚರ್ಮದ ಉಪಸ್ವರಗಳು ಮೂಲ ಆವೃತ್ತಿಯ 1.59, 2.14 ಪಟ್ಟು ಹೀಗೆ ಹೊಂದಾಣಿಕೆಯಿಲ್ಲದೆ ಹರಡಿರುತ್ತವೆ. ಮಧ್ಯೆ ಕರಣೆ ಎಂಬ ಕಪ್ಪು ಲೇಪ ಹಚ್ಚಿದರೆ ಅವು ಎರಡು, ಮೂರು, ನಾಲ್ಕು, ಐದು ಪಟ್ಟಿಗೆ ಬಂದು ಕೂರುತ್ತವೆ. ಅದಕ್ಕೇ ಮೃದಂಗ ಸ್ವರ ನುಡಿಯುತ್ತದೆ. ಈ ಕಂಪನಗಳನ್ನು ರಾಮನ್ ಮರಳಿನ ಚಿತ್ತಾರಗಳಲ್ಲೇ ತೋರಿಸಿಕೊಟ್ಟರು. ಕರಣೆ ಹದ ಮಾಡಿದ ಕುಶಲಕರ್ಮಿಗಳಾದರೋ ಅದನ್ನು ಎಷ್ಟೋ ಮೊದಲೇ ಕಿವಿಯಿಂದ ಕಂಡುಕೊಂಡಿದ್ದರು.

ತಮಟೆಗೆ ಕರಣೆಯಿಲ್ಲ. ಪ್ರಯೋಗಕ್ಕೆ ಅದು ಒಳ್ಳೆಯದೇ ಆಯಿತು. ತಮಟೆಯನ್ನು ಅಡ್ಡಲಾಗಿಟ್ಟು, ಕೆಳಗೆ ಸ್ಪೀಕರ್ ಇಟ್ಟು, ಮೇಲೆ ರಂಗೋಲಿ ಪುಡಿ ತೆಳುವಾಗಿ ಉದುರಿಸಿ, ಮೊಬೈಲಿನಿಂದ ಶ್ರುತಿಯನ್ನು ಮೆಲ್ಲಗೆ ಏರಿಸುತ್ತ ಹೋಗಬೇಕು. ಕೆಲವೇ ಶ್ರುತಿಗಳಲ್ಲಿ ಪುಡಿ ಗೆರೆಗಟ್ಟುತ್ತದೆ. ಪುಡಿ ಕೊಡವಿ, ತಮಟೆ ಕಾಯಿಸಿ ಮತ್ತೆ ನೋಡಿದರೆ ಅದೇ ಚಿತ್ತಾರ ಇನ್ನೂ ಎತ್ತರದ ಶ್ರುತಿಯಲ್ಲಿ ಮೂಡುತ್ತದೆ. 'ಓಂ' ಎಂದರೆ ಶ್ರೀಚಕ್ರ ಮೂಡುತ್ತದೆಂದು ಹೇಳುವ ವಿಡಿಯೊಗಳನ್ನು ನೋಡಿದ ಮಕ್ಕಳಿಗೆ ಇಲ್ಲೇ ಉತ್ತರ ಸಿಗುತ್ತದೆ. ಚಿತ್ತಾರವನ್ನು ತೀರ್ಮಾನಿಸುವುದು ಆವೃತ್ತಿ, ಚರ್ಮದ ಬಿಗಿತ ಮತ್ತು ಆಕಾರ. ಉಚ್ಚರಿಸಿದ ಮಾತಿನ ಅರ್ಥವಲ್ಲ.

ಈ ಪಾಠ ಮಾಡಲು ಮೇಷ್ಟರ ಜೊತೆಗೆ ತಮಟೆ ಕಲಾವಿದರೂ ನಿಲ್ಲಬೇಕು. ಹಿಂದಿನ ಅವಿಭಜಿತ ಕೋಲಾರ ಜಿಲ್ಲೆಯ ಪಿಂಡಿಪಾಪನಹಳ್ಳಿಯ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಜಾತಿಯ ಹೆಸರಿನಲ್ಲಿ ಊರಾಚೆ ಇಟ್ಟಿದ್ದ ವಾದ್ಯಕ್ಕೆ ಸಂದ ಗೌರವವದು. ಆ ವಾದ್ಯದ ಹಿಂದಿರುವ ತಿಳಿವಳಿಕೆಗೂ ಶಾಲೆಯೊಳಗೆ ಜಾಗ ಸಿಗಬೇಕು. ಬರುವ ಫೆಬ್ರವರಿ 28ರ ವಿಜ್ಞಾನ ದಿನಕ್ಕೆ ಜಿಲ್ಲೆಯ ಶಿಕ್ಷಣ ಇಲಾಖೆ ಪ್ರತಿ ತಾಲ್ಲೂಕಿನಲ್ಲೂ ಒಬ್ಬೊಬ್ಬ ತಮಟೆ ಕಲಾವಿದರನ್ನು, ಗೌರವಧನ ಕೊಟ್ಟು, ಪ್ರಯೋಗಾಲಯಕ್ಕೆ ಕರೆಸಲಿ.