ತುಟಿ ಕೂಡಿತು, ಹಲ್ಲು ಕೂಡಬೇಡವೇ?

ಮಹಾರಾಷ್ಟ್ರದ ಮರಾಠವಾಡದಲ್ಲಿ, ಕರ್ನಾಟಕದ ಗಡಿಗೆ ಹತ್ತಿರದ ಉಮರ್ಗಾ, ನಿಲಂಗಾ, ಉದಗೀರ ಕಡೆಯ ಮನೆಗಳಲ್ಲಿ ಊಟವೆಂದರೆ ಜೋಳದ ರೊಟ್ಟಿ. ಮರಾಠಿ ಮನೆಯಲ್ಲಿ ಅದು ಭಾಕರಿ, ಕನ್ನಡ ಮನೆಯಲ್ಲಿ ರೊಟ್ಟಿ. ಏನೇ ಕರೆದರೂ ಹಲ್ಲಿಗೆ ಕೆಲಸ ಕೊಡುವ ಊಟ ಅದು. ಸೀಳುತುಟಿ, ಸೀಳು ಅಂಗುಳದೊಂದಿಗೆ ಹುಟ್ಟಿ, ಕೂಸಿದ್ದಾಗಲೇ ಆಪರೇಷನ್ ಆದ ಹತ್ತು ಹನ್ನೆರಡು ವರ್ಷದ ಹುಡುಗ ಆ ರೊಟ್ಟಿ ಉಣ್ಣುವುದನ್ನು ಪಕ್ಕದಲ್ಲಿ ಕೂತು ನೋಡಬೇಕು. ಮುಂದಿನ ಹಲ್ಲಿನಿಂದ ಕಚ್ಚುವುದಿಲ್ಲ. ಕೈಯಿಂದ ಹರಿದು, ತುತ್ತನ್ನು ಬಾಯಿಯ ಒಂದೇ ಬದಿಗೆ ತಳ್ಳುತ್ತಾನೆ. ರೊಟ್ಟಿಯ ಗಟ್ಟಿ ಅಂಚು ತಾಟಿನಲ್ಲೇ ಉಳಿಯುತ್ತದೆ. ಉಳಿದದ್ದನ್ನು ತಾಯಿ ಹಾಲಿನಲ್ಲೋ ಬೇಳೆಯಲ್ಲೋ ಮುರಿದು ನೆನೆಸಿ ಕೊಡುತ್ತಾಳೆ. ಹೊಲದಲ್ಲಿ ಜೋಳದ ಹಸಿ ತೆನೆಯ ಸೀತನಿ ಸುಡುವಾಗ, ಓರಗೆಯವರು ಕಬ್ಬು ಸಿಗಿದು ತಿನ್ನುವಾಗ ಅವನು ಹಿಂದೆ ಸರಿಯುತ್ತಾನೆ. ‘ಅವ್ನಿಗೆ ಮೆತ್ತಂದೇ ಸೇರ್ತದ’ ಎಂದು ಮನೆಯವರು ಅಂದುಕೊಂಡಿರುತ್ತಾರೆ. ಗಟ್ಟಿ ತಿನಿಸು ಅವನಿಗೆ ಸೇರುವುದಿಲ್ಲ ಎಂದಲ್ಲ. ಅಗಿಯಲು ಬರುವುದಿಲ್ಲ.

ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಎನ್ನುತ್ತೇವೆ. ಈ ಹುಡುಗನಿಗೆ ಹಲ್ಲೂ ಇದೆ, ಕಡಲೆಯೂ ಇದೆ. ಮೇಲಿನ ಹಲ್ಲಿಗೆ ಕೆಳಗಿನ ಹಲ್ಲು ಕೂಡುವುದಿಲ್ಲ, ಅಷ್ಟೇ. ಆ ‘ಅಷ್ಟೇ’ಯನ್ನು ನಮ್ಮ ಆರೋಗ್ಯ ವ್ಯವಸ್ಥೆ ಲೆಕ್ಕಕ್ಕೇ ತೆಗೆದುಕೊಂಡಿಲ್ಲ.

ಇದು ಹೇಗಾಗುತ್ತದೆ? ತುಟಿಯನ್ನು ಸಾಮಾನ್ಯವಾಗಿ ಮೂರರಿಂದ ಆರು ತಿಂಗಳೊಳಗೆ, ಅಂಗುಳವನ್ನು ಒಂದು ಒಂದೂವರೆ ವರ್ಷದೊಳಗೆ ಹೊಲಿಯುತ್ತಾರೆ. ಕೂಸು ಹಾಲು ಕುಡಿಯಲು, ಮಾತು ಕಲಿಯಲು ಈ ಎರಡೂ ಬೇಕೇ ಬೇಕು. ಆದರೆ ಅಂಗುಳದ ಮೇಲೆ ಉಳಿದ ಹೊಲಿಗೆಯ ಗಾಯದ ಗುರುತು ಬಿಗಿಯಾಗಿರುತ್ತದೆ. ಮಗು ಬೆಳೆದಂತೆ ಕೆಳದವಡೆ ತನ್ನ ಪಾಡಿಗೆ ಮುಂದೆ ಬರುತ್ತದೆ, ಎಷ್ಟೋ ಮಕ್ಕಳಲ್ಲಿ ಮೇಲ್ದವಡೆ ಕುಗ್ಗಿ ಹಿಂದೆ ಉಳಿಯುತ್ತದೆ. ಮೇಲಿನ ಹಲ್ಲುಗಳು ಕೆಳಗಿನವುಗಳ ಒಳಗೆ ಬೀಳುತ್ತವೆ. ಸೀಳು ಇದ್ದ ಕಡೆ ಎಷ್ಟೋ ಸಲ ಒಂದು ಹಲ್ಲು ಹುಟ್ಟುವುದೇ ಇಲ್ಲ, ಹುಟ್ಟಿದರೂ ಸೊಟ್ಟ. ಅಗಿಯುವುದು ನಿಂತಿರುವುದು ಎರಡು ಸಂಗತಿಗಳ ಮೇಲೆ: ಎಷ್ಟು ಹಲ್ಲುಗಳು ಒಂದಕ್ಕೊಂದು ತಾಗುತ್ತವೆ, ಎಷ್ಟು ಬಲದಿಂದ ಒತ್ತುತ್ತವೆ. ಈ ಮಕ್ಕಳಲ್ಲಿ ಎರಡೂ ಕಡಿಮೆ. ಹಾಗಾಗಿ ದೊಡ್ಡ ದೊಡ್ಡ ಚೂರುಗಳನ್ನೇ ನುಂಗುತ್ತಾರೆ, ಇಲ್ಲವೇ ಅಂಥ ತಿನಿಸನ್ನೇ ಬಿಡುತ್ತಾರೆ.

ಇದನ್ನು ಅಳೆಯುವುದು ಕಷ್ಟವಲ್ಲ. ಎರಡು ಬಣ್ಣದ ಚ್ಯೂಯಿಂಗ್ ಗಮ್ ಕೊಟ್ಟು ಇಪ್ಪತ್ತು ಸಲ ಅಗಿಯಲು ಹೇಳುತ್ತಾರೆ. ಚೆನ್ನಾಗಿ ಅಗಿದರೆ ಎರಡೂ ಬಣ್ಣ ಬೆರೆತು ಒಂದಾಗುತ್ತವೆ. ಇಲ್ಲದಿದ್ದರೆ ಪಟ್ಟೆಪಟ್ಟೆಯಾಗಿ ಉಳಿಯುತ್ತವೆ. ಒಂದು ನಿಮಿಷದ ಕೆಲಸ. ಶಾಲೆಯ ವರಾಂಡದಲ್ಲೂ ಮಾಡಬಹುದು.

ಪರಿಹಾರವೂ ಹೊಸದಲ್ಲ. ಕುಗ್ಗಿದ ಮೇಲ್ದವಡೆಯನ್ನು ಬಾಯೊಳಗೆ ಸಾಧನ ಹಾಕಿ ಹಿಗ್ಗಿಸಬೇಕು. ಎಂಟರಿಂದ ಹನ್ನೊಂದು ವರ್ಷದ ನಡುವೆ, ಕೋರೆಹಲ್ಲು ಇಳಿಯುವ ಮೊದಲು, ಸೊಂಟದಿಂದ ತೆಗೆದ ಮೂಳೆಯ ಚೂರನ್ನು ಒಸಡಿನ ಬಿರುಕಿಗೆ ತುಂಬಬೇಕು. ಬಾಯ್ನ್ ಮತ್ತು ಸ್ಯಾಂಡ್ಸ್ ಎಂಬ ವೈದ್ಯರು ಈ ವಿಧಾನವನ್ನು ಪ್ರಕಟಿಸಿದ್ದು 1972ರಲ್ಲಿ. ತುಂಬಿದ ಮೂಳೆಯೊಳಗಿಂದ ಕೋರೆಹಲ್ಲು ತಾನಾಗಿ ಇಳಿದು ಬರುತ್ತದೆ. ಅದಾದ ಮೇಲೆ ತಂತಿ, ನಮ್ಮ ಜನ ‘ಹಲ್ಲಿಗೆ ಕ್ಲಿಪ್ ಹಾಕಿಸೋದು’ ಎನ್ನುವ ಚಿಕಿತ್ಸೆ. ಕೆಲವರಿಗೆ ಬೆಳವಣಿಗೆ ನಿಂತ ನಂತರ ದವಡೆಯ ಶಸ್ತ್ರಚಿಕಿತ್ಸೆಯೂ ಬೇಕು. ಕ್ಲಿಪ್ ಎಂದೊಡನೆ ಚೆಂದಕ್ಕೆ ಮಾಡಿಸಿಕೊಳ್ಳುವುದು ಎಂಬ ಭಾವನೆ ಜನರಲ್ಲೂ ಇದೆ, ಅಧಿಕಾರಿಗಳಲ್ಲೂ ಇದೆ. ಈ ಮಕ್ಕಳ ಮಟ್ಟಿಗೆ ಅದು ಪೂರಾ ತಪ್ಪು. ಅವರಿಗೆ ತಂತಿ ಎಂದರೆ ಊಟ.

ಹೊಲಿಗೆಯವರೆಗಿನ ದಾರಿ ಈ ಭಾಗದಲ್ಲಿ ಈಗ ಬಹಳ ಸುಧಾರಿಸಿದೆ ಎಂಬುದನ್ನು ಒಪ್ಪಲೇಬೇಕು. ಗ್ರಹಣದಲ್ಲಿ ಬಸುರಿ ಕತ್ತರಿ ಮುಟ್ಟಿದಳು ಎಂದು ತಾಯಿಯನ್ನು ದೂರಿ ಸುಮ್ಮನಾಗುತ್ತಿದ್ದ ಕಡೆ ಇಂದು ಕೂಸನ್ನು ಎತ್ತಿಕೊಂಡು ಆಸ್ಪತ್ರೆಗೆ ಹೋಗುತ್ತಾರೆ. ಲಾತೂರಿನಲ್ಲಿ ಪ್ಲಾಸ್ಟಿಕ್ ಸರ್ಜನ್ ಡಾ. ವಿಠ್ಠಲ ಲಹಾನೆ ಅವರ ಆಸ್ಪತ್ರೆ ‘ಸ್ಮೈಲ್ ಟ್ರೈನ್’ ಸಂಸ್ಥೆಯ ನೆರವಿನಿಂದ ಉಚಿತ ಶಸ್ತ್ರಚಿಕಿತ್ಸೆ ನಡೆಸುತ್ತ ಬಂದಿದೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರ ಫೆಬ್ರುವರಿಯಲ್ಲಿ ಶುರುವಾದದ್ದೇ ಮಹಾರಾಷ್ಟ್ರದ ಪಾಲ್ಘರ್‌ನಿಂದ. ಅದರ ತಪಾಸಣಾ ಪಟ್ಟಿಯಲ್ಲಿ ಸೀಳುತುಟಿ, ಸೀಳು ಅಂಗುಳ ಇವೆ. ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಶಾಲೆಗೆ ಒಂದು ಸಲ ಬರಬೇಕು.

ದಾರಿ ಕಡಿದು ಬೀಳುವುದು ಆಮೇಲೆ. ಆಯುಷ್ಮಾನ್ ಭಾರತದ ವಿಮೆ ದಾಖಲಾಗಿ ಪಡೆಯುವ ಚಿಕಿತ್ಸೆಗೆ. ಹೊರರೋಗಿ ಚಿಕಿತ್ಸೆಗೆ ಅಲ್ಲ. ಕುರ್ಚಿಯ ಮೇಲೆ ಕೂತು, ನಾಲ್ಕು ಆರು ವಾರಕ್ಕೊಮ್ಮೆ ತಂತಿ ಬಿಗಿಸಿಕೊಳ್ಳುತ್ತ ವರ್ಷಗಟ್ಟಲೆ ನಡೆಯುವ ಚಿಕಿತ್ಸೆ ಆ ಅಚ್ಚಿನಲ್ಲಿ ಕೂರುವುದಿಲ್ಲ. ಖಾಸಗಿಯಲ್ಲಿ ಹತ್ತಾರು ಸಾವಿರ ರೂಪಾಯಿ. ಬಾಲ ಸ್ವಾಸ್ಥ್ಯ ಕಾರ್ಯಕ್ರಮವೋ 18 ವರ್ಷಕ್ಕೆ ಮುಗಿಯುತ್ತದೆ. ಹುಡುಗರ ದವಡೆಯ ಬೆಳವಣಿಗೆ ನಿಂತು ಶಸ್ತ್ರಚಿಕಿತ್ಸೆಗೆ ಸಿದ್ಧವಾಗುವುದೇ ಆ ಹೊತ್ತಿಗೆ ಅಥವಾ ಆಮೇಲೆ. ಅದರ ಮೇಲೆ ಮರಾಠವಾಡದ ಬದುಕಿನ ಲಯ ಬೇರೆ. ಕಬ್ಬು ಕಡಿಯಲು ಗುಳೆ ಹೋಗುವ ಕುಟುಂಬ ದೀಪಾವಳಿಯ ಆಸುಪಾಸಿಗೆ ಊರು ಬಿಟ್ಟರೆ ಮರಳುವುದು ಬೇಸಿಗೆಗೆ. ಐದಾರು ತಿಂಗಳು ಬಿಗಿಸದೆ ಬಿಟ್ಟ ತಂತಿ ಸಡಿಲಾಗಿ ಬಿದ್ದೂ ಹೋಗುತ್ತದೆ. ‘ರೋಗಿ ಬರಲಿಲ್ಲ’ ಎಂದು ಕಡತದಲ್ಲಿ ಬರೆದರೆ ತಪ್ಪು ಬಡವನ ತಲೆಗೆ ಬರುತ್ತದೆ.

ಇನ್ನು ಗಡಿ. 1956ರ ನವೆಂಬರ್ 1ರವರೆಗೆ ನಿಲಂಗಾ, ಉದಗೀರ ಬೀದರ್ ಜಿಲ್ಲೆಯ ತಾಲ್ಲೂಕುಗಳಾಗಿದ್ದವು. ಉದಗೀರದವರಿಗೆ ಲಾತೂರೂ ಬೀದರೂ ಹೆಚ್ಚುಕಡಿಮೆ ಒಂದೇ ದೂರ. ಕಮಾಲನಗರ, ಭಾಲ್ಕಿ ಹಾಯ್ದು ರೈಲು ನೇರ ಬೀದರಿಗೆ ಹೋಗುತ್ತದೆ. ಲಾತೂರಿನಲ್ಲಿ ದಂತ ಕಾಲೇಜಿದೆ, ಬೀದರಿನಲ್ಲಿದೆ, ಉಮರ್ಗಾದಿಂದ ಆಳಂದ ದಾಟಿದರೆ ಕಲಬುರಗಿಯಲ್ಲಿದೆ. ಸಂತೆ, ಸಂಬಂಧ ಎರಡೂ ಕಡೆ ನಡೆಯುವ ಊರುಗಳಿವು. ರಾಜ್ಯದ ಯೋಜನೆಗಳು ಮಾತ್ರ ಗಡಿಯಲ್ಲಿ ನಿಲ್ಲುತ್ತವೆ. 2023ರಲ್ಲಿ ಮಹಾರಾಷ್ಟ್ರ ತನ್ನ ಮಹಾತ್ಮ ಫುಲೆ ಆರೋಗ್ಯ ಯೋಜನೆಯನ್ನು ಕರ್ನಾಟಕದ 865 ಗಡಿಹಳ್ಳಿಗಳಿಗೆ ವಿಸ್ತರಿಸಲು ಹೊರಟಾಗ ದೊಡ್ಡ ರಾಜಕೀಯವೇ ನಡೆಯಿತು. ನೆಲದ ಹಕ್ಕು ಸ್ಥಾಪಿಸಲು ಆರೋಗ್ಯವನ್ನು ಬಳಸುವುದನ್ನು ನಾನು ಒಪ್ಪಲಾರೆ. ಆದರೆ ಎರಡು ಸರ್ಕಾರಗಳು ಕೂತು, ಗಡಿ ತಾಲ್ಲೂಕುಗಳ ಮಕ್ಕಳು ಹತ್ತಿರದ ದಂತ ಕಾಲೇಜಿಗೆ ಹೋಗಲಿ, ಖರ್ಚನ್ನು ಆಯಾ ರಾಜ್ಯ ಭರಿಸಲಿ ಎಂದು ಒಂದು ಒಪ್ಪಂದ ಮಾಡಿಕೊಂಡರೆ ಯಾರ ನೆಲವೂ ಕಳೆದುಹೋಗುವುದಿಲ್ಲ.

ಹಣ ಎಲ್ಲಿಂದ ಎನ್ನುವವರಿಗೆ ಕರ್ನಾಟಕದ್ದೇ ಉದಾಹರಣೆ ಇದೆ. 2014ರಲ್ಲಿ ಬಂದ ‘ದಂತ ಭಾಗ್ಯ’ ಬಡ ಹಿರಿಯರಿಗೆ ದಂತ ಕಾಲೇಜುಗಳ ಮೂಲಕ ಉಚಿತ ಹಲ್ಲಿನ ಸೆಟ್ ಕೊಟ್ಟಿತು. ಅಗಿಯುವುದು ಸರ್ಕಾರದ ಹೊಣೆ ಎಂದು ಅಲ್ಲಿ ಒಪ್ಪಿಯಾಗಿದೆ. ಅಜ್ಜನಿಗೆ ಒಪ್ಪಿದ್ದನ್ನು ಮೊಮ್ಮಗನಿಗೆ ನಿರಾಕರಿಸಲು ಕಾರಣವಿಲ್ಲ. ಅದೇ ಕಾಲೇಜುಗಳಿಗೆ ಪ್ರತಿ ಮಗುವಿನ ಲೆಕ್ಕದಲ್ಲಿ ಹಣ ಕೊಡಲಿ. ಬಸ್ಸಿನ ಖರ್ಚು ಮತ್ತು ಒಂದು ದಿನದ ಕೂಲಿ ಸೇರಿಸಿ ಕೊಡಲಿ. ಗುಳೆ ಹೋದಲ್ಲಿನ ಕಾಲೇಜಿನಲ್ಲಿ ಚಿಕಿತ್ಸೆ ಮುಂದುವರಿಯುವಂತೆ ಮಗುವಿನ ಕೈಯಲ್ಲಿ ಒಂದು ಚೀಟಿ ಇರಲಿ. ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವಯಸ್ಸಿನ ಮಿತಿ 21ಕ್ಕೆ ಏರಲಿ.

ಶಾಲೆಗೆ ಬರುವ ತಪಾಸಣಾ ತಂಡದವರಲ್ಲಿ ಒಂದು ವಿನಂತಿ: ತುಟಿಯ ಮೇಲೆ ಹೊಲಿಗೆಯ ಗೆರೆ ಕಂಡು ‘ಆಪರೇಷನ್ ಆಗಿದೆ’ ಎಂದು ಮುಂದಿನ ಮಗುವಿನ ಕಡೆ ತಿರುಗಬೇಡಿ. ಬಾಯಿ ತೆರೆಸಿ ನೋಡಿ, ನಿನ್ನೆ ಏನು ಉಂಡೆ ಎಂದು ಕೇಳಿ. ತಂದೆ ತಾಯಿಗೂ ಅದೇ ಮಾತು. ನಿಮ್ಮ ಮಗುವಿಗೆ ಏಳು ತುಂಬಿದ್ದರೆ ಈ ವರ್ಷವೇ ಲಾತೂರಿಗೋ ಬೀದರಿಗೋ ಕರೆದೊಯ್ದು ದಂತ ಕಾಲೇಜಿನಲ್ಲಿ ತೋರಿಸಿ. ಕೋರೆಹಲ್ಲು ಇಳಿಯಲು ಇನ್ನು ಮೂರು ನಾಲ್ಕು ವರ್ಷವಷ್ಟೇ ಇರುತ್ತದೆ.