ಸಂಪಾಜೆಯಲ್ಲಿ ನೋಡಲು ಏನಿದೆ?

ವೀಕೆಂಡ್ ಬಂದರೆ ಸಂಪಾಜೆ ಗೇಟಿನ ಹತ್ತಿರ ಕಾರುಗಳ ಸಾಲು. ಮಡಿಕೇರಿ ಇಳಿದು ಮಂಗಳೂರಿನ ಬೀಚಿಗೆ ಹೋಗುವವರು ಒಂದು ಕಡೆ, ಸೆಕೆ ತಾಳಲಾರದೆ ಘಾಟಿ ಹತ್ತುವವರು ಇನ್ನೊಂದು ಕಡೆ. ಚಾ ಕುಡಿಯಲು ನಿಂತವರು 'ಇಲ್ಲಿ ನೋಡೋಕೆ ಏನಿದೆ?' ಅಂತ ಕೇಳುತ್ತಾರೆ. ಸರ್ಕಾರದ ಪ್ರಶ್ನೆಯೂ ಹೆಚ್ಚುಕಮ್ಮಿ ಅದೇ. ಕರಾವಳಿಗೆ ಪ್ರತ್ಯೇಕ ಪ್ರವಾಸೋದ್ಯಮ ನೀತಿ ಬೇಕೆಂಬ ಚರ್ಚೆಯಲ್ಲಿ ಬೀಚು, ದೇವಸ್ಥಾನ, ರೆಸಾರ್ಟು ಎಲ್ಲ ಬರುತ್ತವೆ. ಘಟ್ಟದ ಬುಡದ ಜನರ ಬದುಕು ಮಾತ್ರ ಬರುವುದಿಲ್ಲ. ನನ್ನ ತಕರಾರು ಇಲ್ಲಿಂದಲೇ ಶುರು.

ಕರಾವಳಿಯ ಚರಿತ್ರೆಯ ಒಂದು ದೊಡ್ಡ ಅಧ್ಯಾಯ ಇಳಿದು ಬಂದದ್ದೇ ಈ ಗುಡ್ಡಗಳಿಂದ. ಅಮರ ಸುಳ್ಯ ಸೀಮೆ ಹಾಲೇರಿ ಅರಸರ ಕೊಡಗಿಗೆ ಸೇರಿತ್ತು. 1834ರಲ್ಲಿ ಕೊಡಗನ್ನು ನುಂಗಿದ ಈಸ್ಟ್ ಇಂಡಿಯಾ ಕಂಪನಿ ಈ ಸೀಮೆಯನ್ನು ಕತ್ತರಿಸಿ ಕೆನರಾ ಜಿಲ್ಲೆಗೆ ಹಾಕಿತು. ಬೆಳೆಯ ರೂಪದಲ್ಲಿ ಕೊಡುತ್ತಿದ್ದ ಕಂದಾಯವನ್ನು ಇನ್ನು ಮುಂದೆ ನಗದಿನಲ್ಲೇ ಕಟ್ಟಿ ಎಂದಿತು. ಗದ್ದೆ, ತೋಟ ನಂಬಿದವರ ಕೈಯಲ್ಲಿ ನಗದು ಎಲ್ಲಿಂದ ಬರಬೇಕು?

1837ರಲ್ಲಿ ರೈತರು ಎದ್ದರು. ಪುಟ್ಟಬಸಪ್ಪ ಎಂಬ ರೈತನನ್ನು ಹಾಲೇರಿ ವಂಶದ ಕಲ್ಯಾಣಸ್ವಾಮಿ ಎಂದು ಮುಂದೆ ನಿಲ್ಲಿಸಿಕೊಂಡು, ಕೆದಂಬಾಡಿ ರಾಮಯ್ಯ ಗೌಡರಂಥವರ ನಾಯಕತ್ವದಲ್ಲಿ ಬೆಳ್ಳಾರೆಯ ಖಜಾನೆ ಹಿಡಿದರು. ಪುತ್ತೂರು, ಬಂಟ್ವಾಳ ದಾಟಿ ಏಪ್ರಿಲ್ 5ರಂದು ಮಂಗಳೂರಿನ ಬಾವುಟಗುಡ್ಡೆಯಲ್ಲಿ ತಮ್ಮ ಬಾವುಟ ಏರಿಸಿದರು. ಸುಮಾರು 13 ದಿನ ಮಂಗಳೂರು ಅವರದ್ದಾಗಿತ್ತು. ಕಂಪನಿಗೆ ಹೊಸ ಪಡೆ ಬಂದ ಮೇಲೆ ದಂಗೆ ಮುರಿಯಿತು. ಅಕ್ಟೋಬರ್ 31ರಂದು ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಮಡಿಕೇರಿ ಕೋಟೆಯಲ್ಲಿ ಗಲ್ಲಿಗೇರಿಸಿದರು. ಇದೆಲ್ಲ ಆದದ್ದು 1857ಕ್ಕಿಂತ 20 ವರ್ಷ ಮೊದಲು.

2022ರ ನವೆಂಬರಿನಲ್ಲಿ ಬಾವುಟಗುಡ್ಡೆಯಲ್ಲಿ ರಾಮಯ್ಯ ಗೌಡರ ಕಂಚಿನ ಪ್ರತಿಮೆ ಅನಾವರಣವಾಯಿತು. ತಡವಾಗಿಯಾದರೂ ಆಯಿತಲ್ಲ, ಸಂತೋಷ. ಆದರೆ ಅವರು ಎತ್ತಿದ ಪ್ರಶ್ನೆ ಏನಾಯಿತು? ನಮ್ಮ ನೆಲದ ಗಡಿ, ನಮ್ಮ ಬೆಳೆಯ ಲೆಕ್ಕ ನಮ್ಮನ್ನು ಕೇಳದೆ ತೀರ್ಮಾನ ಮಾಡುವವರು ಯಾರು ಎಂಬುದೇ ಆ ಪ್ರಶ್ನೆಯಾಗಿತ್ತು.

ಆ ಗೆರೆ ಇವತ್ತಿಗೂ ಉಂಟು. ಸಂಪಾಜೆ ಎಂಬ ಹೆಸರಿನ ಊರು ಎರಡೂ ಬದಿಯಲ್ಲಿದೆ. 1956ರ ನವೆಂಬರ್ 1ರವರೆಗೆ ಒಂದು ಮದ್ರಾಸ್ ರಾಜ್ಯದಲ್ಲಿ, ಇನ್ನೊಂದು ಕೊಡಗು ರಾಜ್ಯದಲ್ಲಿತ್ತು. ಈಗ ಒಂದೇ ರಾಜ್ಯ, ಜಿಲ್ಲೆ ಮಾತ್ರ ಎರಡು. ಪಯಸ್ವಿನಿಗೆ ಈ ಲೆಕ್ಕ ಇಲ್ಲ. ಕೊಡಗಿನ ಬೆಟ್ಟದಿಂದ ಇಳಿದು, ಸಂಪಾಜೆ, ಸುಳ್ಯ ದಾಟಿ, ಕಾಸರಗೋಡಿನಲ್ಲಿ ಚಂದ್ರಗಿರಿಯಾಗಿ ಕಡಲು ಸೇರುತ್ತದೆ. ಮೇಲೆ ಗುಡ್ಡ ಜರಿದರೆ ಕೆಳಗೆ ನೀರು ಕೆಂಪಾಗುತ್ತದೆ.

2018ರ ಆಗಸ್ಟಿನಲ್ಲಿ ಅದನ್ನೇ ಕಂಡೆವು. ಜೋಡುಪಾಲದಲ್ಲಿ ಗುಡ್ಡ ಕುಸಿದು ಜೀವ ಹೋಯಿತು, ಹೆದ್ದಾರಿ ಮುಚ್ಚಿತು. ಕೊಡಗಿನ ಆ ಜನ ಜೀವ ಉಳಿಸಿಕೊಂಡು ಇಳಿದು ಬಂದದ್ದು ದಕ್ಷಿಣ ಕನ್ನಡದ ಕಲ್ಲುಗುಂಡಿ, ಅರಂತೋಡು ಕಡೆಗೆ. ಗಂಜಿ ಬಡಿಸಿದವರು 'ನಿಮ್ಮದು ಯಾವ ಜಿಲ್ಲೆ?' ಅಂತ ಕೇಳಲಿಲ್ಲ. 2022ರ ಜೂನ್ ಕೊನೆಗೆ ಚೆಂಬು, ಸಂಪಾಜೆ ಸುತ್ತ ಭೂಮಿ ಮತ್ತೆ ಮತ್ತೆ ನಡುಗಿತು. ಇನ್ನು ತೋಟಗಳಲ್ಲಿ ದಶಕಗಳಿಂದ ಹಳದಿ ಎಲೆ ರೋಗ. ಮದ್ದಿಲ್ಲದ ಈ ರೋಗಕ್ಕೆ ಅಡಿಕೆ ತೋಟಗಳೇ ಬೋಳಾಗಿವೆ. ಸಾಲ ಇರುವ ರೈತನಿಗೆ ಜಾಗ ಮಾರುವುದೊಂದೇ ದಾರಿ ಎನಿಸಿದ ದಿನ, ಅದನ್ನು ಕೊಳ್ಳಲು ಬರುವವರು ಯಾರು? ವ್ಯೂ ಪಾಯಿಂಟ್ ಹುಡುಕುವವರು ತಾನೇ?

ನಾನು ಪ್ರವಾಸೋದ್ಯಮದ ವಿರೋಧಿ ಅಲ್ಲ. ತೊಡಿಕಾನದ ದೇವರಗುಂಡಿ ಜಲಪಾತ ನೋಡಲಿ, ಸಂಪಾಜೆಯ ಯಕ್ಷೋತ್ಸವಕ್ಕೆ ಬಂದು ರಾತ್ರಿಯಿಡೀ ಕೂರಲಿ. ಆದರೆ ಗುಡ್ಡಕ್ಕೆ ಜೆಸಿಬಿ ಇಳಿಸುವ ಮೊದಲು ಆ ಗುಡ್ಡ ತಾಳುತ್ತದೆಯೇ ಎಂದು ನೋಡಬೇಕು. ಪಯಸ್ವಿನಿ ಕಣಿವೆಗೆ ಎರಡೂ ಜಿಲ್ಲೆಗಳು ಕೂತು ಒಂದೇ ಯೋಜನೆ ಮಾಡಬೇಕು. ರೋಗ ಬಿದ್ದ ತೋಟದವರಿಗೆ ಪರ್ಯಾಯ ಬೆಳೆ, ಸಾಲದ ಪರಿಹಾರ ಮೊದಲು ಸಿಗಬೇಕು. ರೆಸಾರ್ಟಿಗೆ ಲೈಸೆನ್ಸ್ ಆಮೇಲೆ.

ಮುಂದಿನ ಸಲ ಸಂಪಾಜೆಯಲ್ಲಿ ಚಾಕ್ಕೆ ನಿಂತರೆ, ನೋಡಲು ಏನಿದೆ ಎಂದು ಕೇಳುವ ಬದಲು 'ಈ ವರ್ಷ ಅಡಿಕೆ ಹೇಗಾಯಿತು?' ಎಂದು ಕೇಳಿ ನೋಡಿ. 1837ರ ಕಥೆ ಇನ್ನೂ ಯಾಕೆ ಮುಗಿದಿಲ್ಲ ಅಂತ ಗೊತ್ತಾಗುತ್ತದೆ.