ಹಸಿರು ಸಾಲದ ಲೆಕ್ಕಕ್ಕೆ ಹೊಗೆಯೂ ಬರಲಿ

ಭತ್ತದ ಕಟಾವು ಮುಗಿಯುತ್ತಿದ್ದಂತೆ ರಾಯಚೂರು ಜಿಲ್ಲೆಯ ಸಿಂಧನೂರು ಸೀಮೆಯಲ್ಲಿ ಎರಡು ಬಗೆಯ ಹೊಗೆ ಏಳುತ್ತದೆ. ಒಂದು, ಯಂತ್ರ ಕೊಯ್ದು ಬಿಟ್ಟ ಹುಲ್ಲಿಗೆ ಗದ್ದೆಯಲ್ಲೇ ಬೆಂಕಿ ಹಚ್ಚಿದಾಗಿನದು. ಇನ್ನೊಂದು ರೈಸ್‌ಮಿಲ್ ಚಿಮಣಿಯದು. ಕಟಾವು ಯಂತ್ರ, ಮಿಲ್ಲಿನ ಬಾಯ್ಲರ್, ಭತ್ತದ ದಾಸ್ತಾನು ಎಲ್ಲಕ್ಕೂ ಬಹುಮಟ್ಟಿಗೆ ಬ್ಯಾಂಕಿನ ಸಾಲವೇ ಆಧಾರ. ಆ ಸಾಲದ ಕಾಗದಗಳಲ್ಲಿ ಹೊಗೆಗೆ ಜಾಗವಿಲ್ಲ.

ರಿಸರ್ವ್ ಬ್ಯಾಂಕ್ 2015ರಲ್ಲಿ ನವೀಕರಿಸಬಹುದಾದ ಇಂಧನವನ್ನು ಆದ್ಯತಾ ವಲಯಕ್ಕೆ ಸೇರಿಸಿತು. 2020ರಲ್ಲಿ ಸೌರ ಪಂಪ್‌ಸೆಟ್, ಸಂಕುಚಿತ ಜೈವಿಕ ಅನಿಲ ಘಟಕಗಳಿಗೂ ಬಾಗಿಲು ತೆರೆಯಿತು. 2023ರ ಜೂನ್ 1ರಿಂದ, ಪರಿಸರಸ್ನೇಹಿ ಯೋಜನೆಗಳಿಗೆಂದೇ ಇಡುವ ಹಸಿರು ಠೇವಣಿಯ ನಿಯಮಗಳೂ ಜಾರಿಯಲ್ಲಿವೆ. ಇವೆಲ್ಲ ಬೇಕಾದವೇ. ಆದರೆ ಇವು ಹೊಸ ಯೋಜನೆಗೆ ಹಣ ಒದಗಿಸುತ್ತವೆ. ಈಗಾಗಲೇ ಹೊಗೆ ಉಗುಳುತ್ತಿರುವ ಉದ್ಯಮದ ಸಾಲವನ್ನು ಮುಟ್ಟುವುದಿಲ್ಲ. ಊರಿನ ಗಾಳಿ ಕೆಡುತ್ತಿರುವುದು ಅಲ್ಲಿಯೇ.

ರೈಸ್‌ಮಿಲ್ಲಿನ ವಿಚಾರವನ್ನೇ ನೋಡಿ. ಭತ್ತ ಬೇಯಿಸಿ ಒಣಗಿಸುವ ಬಾಯ್ಲರಿಗೆ ಉರಿಸುವುದು ಭತ್ತದ ಹೊಟ್ಟನ್ನು. ಇಂಗಾಲದ ಲೆಕ್ಕದಲ್ಲಿ ಅದು ಕಲ್ಲಿದ್ದಲಿಗಿಂತ ಎಷ್ಟೋ ವಾಸಿ, ಹಸಿರು ಇಂಧನವೇ ಸರಿ. ಆದರೆ ಚಿಮಣಿಗೆ ಧೂಳು ಹಿಡಿಯುವ ಸಲಕರಣೆ ಇಲ್ಲದಿದ್ದರೆ, ಇದ್ದರೂ ಕರೆಂಟು ಉಳಿಸಲು ನಿಲ್ಲಿಸಿದರೆ, ಹಗುರವಾದ ಕರಿಬೂದಿ ತೇಲಿ ಬಂದು ಮಾಳಿಗೆಯ ಮೇಲೆ ಒಣಹಾಕಿದ ಬಟ್ಟೆಗೆ, ಹಪ್ಪಳಕ್ಕೆ, ನೀರಿನ ತೊಟ್ಟಿಗೆ ಬೀಳುತ್ತದೆ. ಅದನ್ನಾದರೂ ಗುಡಿಸಬಹುದು. ಕಣ್ಣಿಗೆ ಕಾಣದ ಸೂಕ್ಷ್ಮ ಕಣ ಮಾತ್ರ ನೇರವಾಗಿ ಶ್ವಾಸಕೋಶಕ್ಕೆ ಇಳಿಯುತ್ತದೆ. ಇಂಗಾಲವನ್ನಷ್ಟೇ ಎಣಿಸಿ ಧೂಳನ್ನು ಬಿಟ್ಟ ಹಸಿರು ನೀತಿಯಿಂದ ಮಿಲ್ಲಿನ ಪಕ್ಕದ ಓಣಿಯವರಿಗೆ ಏನೂ ಸಿಗದು.

ಇಲ್ಲಿ ಬ್ಯಾಂಕಿಗೆ ಇರುವ ಬಲ ಬೇರೆಯವರಿಗಿಲ್ಲ. ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಪತ್ರ ಒಮ್ಮೆ ಸಿಕ್ಕರೆ ಹಲವು ವರ್ಷ ನಡೆಯುತ್ತದೆ. ಮಿಲ್ಲಿನ ದುಡಿಯುವ ಬಂಡವಾಳಕ್ಕೆ ಕೊಡುವ ಸಿಸಿ (ಕ್ಯಾಶ್ ಕ್ರೆಡಿಟ್) ಸಾಲ ಹಾಗಲ್ಲ, ವರ್ಷಕ್ಕೊಮ್ಮೆ ಪರಿಶೀಲನೆಗೆ ಬರಲೇಬೇಕು. ದಾಸ್ತಾನಿನ ಪಟ್ಟಿ ಕೇಳುವ ವ್ಯವಸ್ಥಾಪಕರು ಚಿಮಣಿಯ ತಪಾಸಣಾ ವರದಿಯನ್ನೂ ಕೇಳಲಿ. ವರದಿ ಚೆನ್ನಾಗಿದ್ದರೆ ಬಡ್ಡಿಯಲ್ಲಿ ಸ್ವಲ್ಪ ರಿಯಾಯಿತಿ ಕೊಡಲಿ. ಚೀನಾ 2007ರಲ್ಲಿಯೇ ಪರಿಸರ ಇಲಾಖೆಯ ದಾಖಲೆಯನ್ನು ಬ್ಯಾಂಕುಗಳ ಸಾಲ ನಿರ್ಧಾರಕ್ಕೆ ಜೋಡಿಸುವ ನೀತಿ ತಂದಿತ್ತು.

ಹುಲ್ಲಿನ ಸಮಸ್ಯೆ ಇನ್ನೂ ನೋವಿನದು. ಕೂಳೆ ಸುಡುವುದನ್ನು ತಡೆಯುವ ಯಂತ್ರಗಳಿಗೆ ಕೇಂದ್ರ ಸರ್ಕಾರ 2018ರಲ್ಲಿ ಸಹಾಯಧನ ಯೋಜನೆ ತಂದಾಗ ಅದು ಪಂಜಾಬ್, ಹರಿಯಾಣ, ಉತ್ತರ ಪ್ರದೇಶ, ದೆಹಲಿಗೆ ಸೀಮಿತವಾಗಿತ್ತು. ಈ ಸೀಮೆಗೆ ನೀರುಣಿಸುವ ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತ ಯಾರ ನೆನಪಿಗೂ ಬರಲಿಲ್ಲ. 2019ರ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮಕ್ಕೆ ಕರ್ನಾಟಕದಿಂದ ಸೇರಿದ್ದೂ ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಕಲಬುರಗಿ ಮಾತ್ರ. ಒಂದೆಡೆ ಸಿಂಧನೂರಿನಲ್ಲಿ ಹುಲ್ಲು ಸುಡುತ್ತದೆ. ಬರ ಬಿದ್ದ ವರ್ಷ ಒಂದೆರಡು ಗಂಟೆಯ ದಾರಿಯಲ್ಲಿರುವ ಮಸ್ಕಿ, ಲಿಂಗಸುಗೂರಿನ ಒಣಬೇಸಾಯದ ಊರುಗಳಲ್ಲಿ ದನಗಳು ಮೇವಿಗೆ ಬಾಯಿ ಬಿಡುತ್ತವೆ. ಹುಲ್ಲನ್ನು ಸುತ್ತಿ ಕಟ್ಟುವ ಬೇಲರ್ ಯಂತ್ರಕ್ಕೆ ಕಡಿಮೆ ಬಡ್ಡಿಯ ಸಾಲ ಸಿಕ್ಕರೆ ಈ ಎರಡೂ ಸಂಕಟಗಳ ಭಾರ ಇಳಿದೀತು.

ಒಂದು ಎಚ್ಚರ ಮಾತ್ರ ಬೇಕು. ಹೊಗೆಯ ಷರತ್ತು ಹಾಕುವುದಾದರೆ ಅದು ಯಂತ್ರದ ಮಾಲೀಕರ ಸಾಲಕ್ಕಿರಲಿ, ರೈತರ ಬೆಳೆ ಸಾಲಕ್ಕೆ ಬೇಡ. ಲೀಜಿಗೆ ಭೂಮಿ ಹಿಡಿದವರ ಹೆಸರಿನಲ್ಲಿ ಪಹಣಿಯೇ ಇರುವುದಿಲ್ಲ. ಬ್ಯಾಂಕು ಕೈಬಿಟ್ಟ ಅವರು ಗೊಬ್ಬರದಂಗಡಿಯ ಉದ್ದರಿಯಲ್ಲೇ ಬೇಸಾಯ ಮಾಡುತ್ತಾರೆ. ಅವರ ಮೇಲೆ ದಂಡ ಹೇರಿದರೆ ಗಾಳಿಯೂ ಸುಧಾರಿಸದು, ಸಂಸಾರವೂ ಉಳಿಯದು.

ಇದಕ್ಕೆ ಹೊಸ ಕಾನೂನು ಬರುವವರೆಗೆ ಕಾಯಬೇಕಿಲ್ಲ. ಜಿಲ್ಲಾಧಿಕಾರಿ ಅಧ್ಯಕ್ಷತೆಯ ಬ್ಯಾಂಕರ್‌ಗಳ ಸಭೆ ರಾಯಚೂರಿನಲ್ಲಿ ಮೂರು ತಿಂಗಳಿಗೊಮ್ಮೆ ಸೇರಬೇಕು. ಮುಂದಿನ ಸಭೆಗೆ ಮಾಲಿನ್ಯ ನಿಯಂತ್ರಣ ಮಂಡಳಿಯ ಅಧಿಕಾರಿಯನ್ನೂ ಕರೆದು, ಜಿಲ್ಲೆಯ ಮಿಲ್ಲುಗಳ ಪಟ್ಟಿಯನ್ನು ಬ್ಯಾಂಕುಗಳ ಮುಂದಿಡಬೇಕು.